ಬಾಯಿಗೆ ನೀರು ಬಿಟ್ಟವನ ಸೂತಕ

ಚಿನ್ನು, ಪುಟ್ಟಿ,

ಈ ಬೇಸಿಗೆ ರಜೆಯಲ್ಲಿ ನೀವು ಬಂದಿದ್ದಾಗ ಟಿ.ವಿ.ಯಲ್ಲಿ ಒಂದು ಹಳೆಯ ಯುದ್ಧದ ಸಿನಿಮಾ ಹಾಕಿದ್ದಿರಿ. ನಾನು ಬಾಗಿಲ ಹತ್ತಿರ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮೊದಮೊದಲು ಗಮನ ಕೊಟ್ಟಿರಲಿಲ್ಲ. ಹಳ್ಳದ ದಡದ ದೃಶ್ಯ ಬಂದಾಗ ತಲೆ ಎತ್ತಿ ನೋಡಿದೆ. ಒಬ್ಬ ಎಳೆಯ ಸಿಪಾಯಿ ಬಂಡೆಯ ಹಿಂದೆ ಮಲಗಿ ಬಂದೂಕು ಹಿಡಿದಿರುತ್ತಾನೆ. ಎದುರು ದಡದಲ್ಲಿ ಆ ಕಡೆಯ ಹುಡುಗ ನೀರು ತುಂಬಿಕೊಳ್ಳಲು ಬಗ್ಗುತ್ತಾನೆ. ಸಿಪಾಯಿ ಬೆವರುತ್ತಾನೆ, ಊರನ್ನು ನೆನೆಯುತ್ತಾನೆ, ಬೆರಳು ಮಡಿಸುತ್ತಾನೆ, ಮತ್ತೆ ಬಿಡಿಸುತ್ತಾನೆ. ಆ ಸಿನಿಮಾ ನಾನು ಹಿಂದೆ ನೋಡಿದ್ದೆ. ಪೂರ್ತಿ ಅಲ್ಲ, ಆ ದೃಶ್ಯದ ತನಕ ಮಾತ್ರ.

ಆಗ ಪುಟ್ಟಿ ಕೇಳಿದಳು, "ಅಜ್ಜೀ, ನಮ್ಮ ಅಜ್ಜನೂ ಹಿಂಗೇ ಯೋಚ್ನೆ ಮಾಡ್ತಾ ಇದ್ರಾ?"

"ಹಾಲು ಉಕ್ತೈತಿ ತಡಿ" ಅಂತ ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಚಿನ್ನು ಅದನ್ನು ನೋಡಿ ನಕ್ಕ.

ನನಗೆ ಮಾತು ಬರುವುದಿಲ್ಲ ಮಕ್ಕಳೇ. ಚಂದ್ರಗುತ್ತಿ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಬರೆದು ತೋರಿಸು ಅಂದರೆ ಬರೆಯುತ್ತಿದ್ದೆ. ಈಗಲೂ ಹಾಗೇ. ಪುಟ್ಟಿ ಕೇಳಿದ್ದಕ್ಕೆ ಬರೆದು ಉತ್ತರ ಕೊಡುತ್ತೇನೆ.

ನನ್ನನ್ನು ಸೊರಬ ಸೀಮೆಯಿಂದ ತಾಳಗುಂದದ ಹತ್ತಿರದ ಈ ಊರಿಗೆ ಕೊಟ್ಟರು. ಇಲ್ಲಿ ನಮ್ಮ ಮನೆಯವರು ಮೆಕ್ಕೆಜೋಳ ಬೆಳೆಯುತ್ತಿದ್ದರು, ಕುರಿ ಸಾಕುತ್ತಿದ್ದರು. ನಾನು "ಎಂತ" ಅಂದರೆ ಈ ಮನೆಯವರು ನಗುತ್ತಿದ್ದರು. ಮನೆಯಲ್ಲಿ ಇದ್ದವರು ನನ್ನ ಅತ್ತೆ, ನನ್ನ ಮೈದುನ, ನಾನು. ಮಾವ ನಮ್ಮ ಮದುವೆಯಾದ ಮರುವರ್ಷ ತೀರಿಕೊಂಡಿದ್ದರು. ನಿಮ್ಮ ಅಜ್ಜ ಸೈನ್ಯದಲ್ಲಿದ್ದರು. ವರ್ಷಕ್ಕೊಮ್ಮೆ ರಜೆಗೆ ಬಂದರೆ ಊರ ಹುಡುಗರು ಕಟ್ಟೆಯ ಮೇಲೆ ಅವರ ಸುತ್ತ ಕೂರುತ್ತಿದ್ದರು. ಹಿಮ ಹೇಗಿರುತ್ತದೆ, ಅಲ್ಲಿ ಏನು ತಿನ್ನುತ್ತೀರಿ ಅಂತ ಕೇಳುತ್ತಿದ್ದರು. ಅಜ್ಜ ಚೆನ್ನಾಗಿ ಮಾತಾಡುತ್ತಿದ್ದರು. ನೀವು ಕಂಡ ಅಜ್ಜ ಬೇರೆ. ಮೊದಲು ಅವರು ತಮಾಷೆಯ ಮನುಷ್ಯ.

ನಿಮ್ಮ ಅಮ್ಮ ಹುಟ್ಟಿದಾಗ ಅವರು ಗಡಿಯಲ್ಲಿದ್ದರು. ಅಲ್ಲಿ ಗುಂಡು ಹಾರುತ್ತಿದೆ ಅಂತ ರೇಡಿಯೋದಲ್ಲಿ ಹೇಳುತ್ತಿದ್ದರು. ಅಪ್ಪ ಬಂದ ಮೇಲೆಯೇ ಹೆಸರಿಡೋಣ ಅಂತ ಅತ್ತೆ ಕಾದರು. ಕೂಸು ಬೋರಲು ಬಿದ್ದಿತು, ಕೂರುವುದನ್ನೂ ಕಲಿತಿತು. ಹೆಸರು ಮಾತ್ರ ಇರಲಿಲ್ಲ. ಎಲ್ಲರೂ ಕೂಸು ಅಂತಲೇ ಕರೆಯುತ್ತಿದ್ದೆವು.

ಆ ಸಲ ರಜೆಗೆ ಬಂದವರು ಅಂಗಳದಲ್ಲೇ ನಿಂತರು. ನಾನು ಕೂಸನ್ನು ಎತ್ತಿಕೊಂಡು ಹೊಸಿಲಿಗೆ ಬಂದೆ. "ತಲೆ ಮೇಲೆ ನೀರು ಹಾಕು" ಅಂದರು. ಸ್ಮಶಾನದಿಂದ ಬಂದವರಿಗೆ ಹಾಕುವ ಹಾಗೆ ಹೊರಗೇ ನಿಂತು ನೀರು ಹಾಕಿಸಿಕೊಂಡರು. ಪ್ರಯಾಣದ ಕೊಳೆ ಇರಬೇಕು ಅಂದುಕೊಂಡೆ. ಸ್ನಾನವಾದ ಮೇಲೂ ದೇವರ ಗೂಡಿಗೆ ಕೈ ಮುಗಿಯಲಿಲ್ಲ. ಊಟಕ್ಕೆ ತಟ್ಟೆ ಬೇಡ ಅಂದರು, ಮುತ್ತುಗದ ಎಲೆಯಲ್ಲಿ ಹೊರಗೆ ಕೂತು ಉಂಡರು. ಮಲಗಿದ್ದು ಕುರಿಹಟ್ಟಿಯ ಪಕ್ಕದ ಚಪ್ಪರದಲ್ಲಿ. ಕೂಸನ್ನು ದೂರದಿಂದ ನೋಡಿದರು. ನಾನು ಹತ್ತಿರ ಒಯ್ದರೆ ಕೈ ಹಿಂದಕ್ಕೆ ಕಟ್ಟಿಕೊಂಡರು.

ಎರಡು ದಿನ ಕಳೆಯುವಷ್ಟರಲ್ಲಿ ನಲ್ಲಿಯ ಹತ್ತಿರ ಹೆಂಗಸರು ಶುರು ಮಾಡಿದರು.

"ನಿನ್ ಗಂಡ ಕುರಿಮರಿ ಎತ್ಕೊಂಡು ಅಡ್ಡಾಡ್ತಾನೆ, ಕೂಸನ್ನ ಮಾತ್ರ ಎತ್ತಂಗಿಲ್ಲ ಅಲ್ಲೇನ್?"

"ಗಂಡಾಗಿದ್ರೆ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಊರೆಲ್ಲಾ ತಿರುಗ್ತಿದ್ದ ಬಿಡೇ."

ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದೆ. ನನಗೂ ಹಾಗೇ ಅನ್ನಿಸಿತ್ತು.

ಹೆಸರಿಡಲು ಸೋಮವಾರ ಗೊತ್ತಾಗಿತ್ತು. ಈ ಮನೆಯ ಪದ್ಧತಿ ನಿಮಗೆ ಗೊತ್ತು. ತಂದೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರಬೇಕು, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಬೇಕು. ತಂದೆ ಕೂರದಿದ್ದರೆ ಆ ಕೂಸನ್ನು ತನ್ನದು ಅಂತ ಒಪ್ಪಲಿಲ್ಲ ಅಂತಲೇ ಲೆಕ್ಕ. ಅಜ್ಜ ಅತ್ತೆಗೆ ಮೊದಲೇ ಹೇಳಿಬಿಟ್ಟರು, "ನಾ ಕುಂದ್ರಂಗಿಲ್ಲ ಅವ್ವ. ತಮ್ಮ ಕುಂದ್ರಲಿ."

"ತಮ್ಮ ಯಾಕ? ಕೂಸು ತಮ್ಮಂದೇನು?" ಅಂತ ಅತ್ತೆ ಕೇಳಿದರು. ಅವರ ನಾಲಿಗೆ ಹಾಗೇ. ಮೈದುನ ಎದ್ದು ಹೊರಗೆ ಹೋದ.

ಈ ಸುದ್ದಿ ಹೇಗೋ ಚಂದ್ರಗುತ್ತಿ ಕಡೆಗೂ ಮುಟ್ಟಿತು. ನನ್ನ ಅಪ್ಪ ಹೇಳಿ ಕಳಿಸಿದರು: ಸೋಮವಾರ ನಾವೆಲ್ಲ ಬರುತ್ತೇವೆ, ಅಳಿಯಂದಿರು ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳದಿದ್ದರೆ ಮಗಳನ್ನೂ ಮೊಮ್ಮಗಳನ್ನೂ ಅದೇ ಗಾಡಿಯಲ್ಲಿ ಕರೆದುಕೊಂಡು ಬರುತ್ತೇವೆ. ಅಪ್ಪ ಆಡಿದ ಮಾತಿಗೆ ಹಿಂದೆ ಸರಿಯುವವರಲ್ಲ. ಹೋದರೆ ತಿರುಗಿ ಬರುವುದು ನನ್ನ ಕೈಯಲ್ಲಿರಲಿಲ್ಲ.

ಮಗನಿಗೆ ಏನೋ ಬೇಸರ ಹಿಡಿದಿದೆ, ಹೊರಗೆ ಸುತ್ತಾಡಿದರೆ ಸರಿಹೋಗುತ್ತದೆ ಅಂತ ಅತ್ತೆಗೆ ಅನ್ನಿಸಿತು. "ಶಿಕಾರಿಪುರಕ್ಕೆ ಹೋಗಿ ಒಂದ್ ಸಿನಿಮಾ ನೋಡ್ಕಂಡು ಬರ್ರಿ" ಅಂದರು. ಟಾಕೀಸಿನಲ್ಲಿ ಆಗ ಮಿಲಿಟರಿ ಸಿನಿಮಾ ಬಂದಿತ್ತು. ಮೈದುನನಿಗೆ ಖುಷಿಯೋ ಖುಷಿ. ಅಜ್ಜ ಬೇಡ ಅನ್ನಲಿಲ್ಲ. ಅವ್ವನ ಮಾತಿಗೆ ಎರಡನೇ ಸಲ ಇಲ್ಲ ಅನ್ನುವುದು ಅವರಿಗೆ ಕಷ್ಟವಾಗಿರಬೇಕು.

ಮಧ್ಯಾಹ್ನದ ಆಟ. ಟಾಕೀಸಿನ ಬಾಗಿಲಲ್ಲಿ ಮೈದುನ ಟಿಕೆಟ್ ಹರಿಯುವವನಿಗೆ ಕೇಳದಿದ್ದರೂ ಹೇಳಿದ, "ನಮ್ಮಣ್ಣ ಮಿಲಿಟ್ರಿಯಾಗ ಅದಾನೆ. ಬಾರ್ಡರ್ನಾಗೆ."

ಅವನು ಚಕ್ಕಂತ ಸೆಲ್ಯೂಟ್ ಹೊಡೆದ. "ಬರ್ರಿ ಸಾರ್. ಒಳಗ ನಿಮ್ಮದೇ ಕಥೆ ಐತಿ!"

ಸಿನಿಮಾ ಹಿಂದಿಯಲ್ಲಿತ್ತು. ಅಜ್ಜನಿಗೆ ಹಿಂದಿ ಬರುತ್ತಿತ್ತು, ಬಾಯಿ ಬಿಡಲಿಲ್ಲ. ಬರದ ಮೈದುನನೇ ನನಗೆ ಅರ್ಥ ಹೇಳುತ್ತಿದ್ದ. "ಅತ್ತಿಗೆ, ಇವ್ನು ಹೀರೋ. ಇವ್ನಿಗೆ ಹೆದರಿಕಿ. ಈಗ ನೋಡ್ರಿ, ಹೆದರಿಕಿ ಹೋಗ್ತೈತಿ." ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ಅಜ್ಜ ನಮ್ಮಿಂದ ಒಂದು ಕುರ್ಚಿ ಬಿಟ್ಟು ಸಾಲಿನ ಕೊನೆಯಲ್ಲಿ ಕೂತಿದ್ದರು.

ಹಳ್ಳದ ದೃಶ್ಯ ಬಂತು. ಸಿಪಾಯಿ ಎಷ್ಟೋ ಹೊತ್ತು ಗುರಿ ಹಿಡಿದು ಒದ್ದಾಡಿದ. ಕೊನೆಗೆ ಹೊಡೆದ. ಎದುರು ದಡದ ಹುಡುಗ ನೀರಿಗೆ ಬಿದ್ದ. ಮುಂದಿನ ಬೆಂಚುಗಳಿಂದ ಸಿಳ್ಳೆ ಎದ್ದಿತು, ಯಾರೋ ಚಿಲ್ಲರೆ ತೂರಿದರು. ಮೈದುನನೂ ಎರಡು ಬೆರಳು ಬಾಯಿಗಿಟ್ಟ.

ಅಜ್ಜ ಎದ್ದು ನಿಂತರು. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು. ಬೀದಿಯಲ್ಲಿ ಹೆಣ ಹೋಗುವಾಗ ನಾವು ನಿಲ್ಲುತ್ತೇವಲ್ಲ, ಹಾಗೆ ಬರಿಗಾಲಲ್ಲಿ ತಲೆ ತಗ್ಗಿಸಿ ನಿಂತರು.

"ಏ, ಕೂತ್ಕಳ್ರೀ! ಪಡ್ದೆ ಕಾಣ್ತಿಲ್ಲ!"

"ಏನ್ ರಾಷ್ಟ್ರಗೀತೆ ಹಾಡ್ತಾರೇನ್ಲಾ ಈಗ?"

ಹಿಂದಿನವರು ಕೂಗಿದರು, ನಕ್ಕರು. ಮೈದುನ "ಅಣ್ಣಾ, ಕುಂದ್ರೋ" ಅಂತ ತೋಳು ಜಗ್ಗಿದ. ಅಜ್ಜ ಅವನ ಕೈ ಬಿಡಿಸಿಕೊಂಡು ಹೊರಗೆ ನಡೆದರು. ಚಪ್ಪಲಿ ಅಲ್ಲೇ ಉಳಿಯಿತು. ನಾನು ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಆ ಚಪ್ಪಲಿ ಹಿಡಿದು ಹಿಂದೆ ಓಡಿದೆ. ಹೊರಗೆ ಬಿಸಿಲಿಗೆ ಕಣ್ಣು ಕುಕ್ಕಿತು.

ಅಜ್ಜ ಬಸ್ ಸ್ಟ್ಯಾಂಡಿನ ಹತ್ತಿರದ ಅರಳಿಕಟ್ಟೆಯ ಮೇಲೆ ಕೂತಿದ್ದರು. ಚಪ್ಪಲಿಯನ್ನು ಅವರ ಕಾಲ ಬಳಿ ಇಟ್ಟು ನಾನೂ ಸ್ವಲ್ಪ ದೂರ ಕೂತೆ. ಶಿರಾಳಕೊಪ್ಪದ ಬಸ್ಸು ಬಂತು, ಹೋಯಿತು. ಅವರೇ ಶುರು ಮಾಡಿದರು.

"ಸಿನಿಮಾದಾಗ ಅವ್ನು ಎಷ್ಟೊತ್ತು ಯೋಚ್ನೆ ಮಾಡ್ದ ನೋಡಿದ್ಯಾ? ನಂಗೆ ಕಣ್ಣು ಮಿಟುಕಿಸೋವಷ್ಟೂ ಹೊತ್ತು ಸಿಗ್ಲಿಲ್ಲ. ಕಲ್ಲಿನ ಸಂದಿಯಿಂದ ಎದ್ದ. ಹೊಡೆದೆ. ಅಷ್ಟೇ."

"ಆಮೇಲೆ?"

"ಆಮೇಲೆ ಬಾಳ ಹೊತ್ತು ಸಿಕ್ತು."

ಪುಟ್ಟಿ, ನಿನ್ನ ಪ್ರಶ್ನೆಗೆ ಉತ್ತರ ಇದೇ. ಅಜ್ಜ ಮೊದಲು ಯೋಚನೆ ಮಾಡಲಿಲ್ಲ. ಮಾಡಲು ಆಗಲೂ ಇಲ್ಲ. ಆಮೇಲೆ ಬದುಕಿದ್ದಷ್ಟು ದಿನ ಮಾಡಿದರು.

ಆವತ್ತು ಅವರು ಹೇಳಿದ್ದನ್ನು ನೆನಪಿರುವಷ್ಟು ಬರೆಯುತ್ತೇನೆ. ಅವರನ್ನು ಗುಡ್ಡದ ತುದಿಯ ಕಲ್ಲುಗಳ ನಡುವೆ ಒಬ್ಬರನ್ನೇ ಕಾವಲಿಗೆ ಕೂರಿಸಿದ್ದರು. ಬದಲಿ ಬರುವ ತನಕ ಜಾಗ ಬಿಡುವಂತಿಲ್ಲ. ಬಿದ್ದ ಹುಡುಗ ಅವರಿಂದ ನಮ್ಮ ಅಂಗಳ ದಾಟುವಷ್ಟು ದೂರದಲ್ಲಿದ್ದ. ಮೈದುನನ ವಯಸ್ಸು, ಅದಕ್ಕೂ ಸ್ವಲ್ಪ ಕಡಿಮೆಯೇ ಇರಬೇಕು.

"ಅವನ ಹತ್ರ ಬಂದೂಕ ಇತ್ತನ್ರೀ?" ಅಂತ ಕೇಳಿದೆ.

"ಇತ್ತು. ಹೆಗಲಿಗಿತ್ತು, ಕೈಯಾಗ ಇರ್ಲಿಲ್ಲ." ಆಮೇಲೆ ಅವರೇ ಅಂದರು, "ಹೆಗಲಿಂದ ಕೈಗೆ ಬರಾಕ ಎಷ್ಟೊತ್ತು ಬೇಕು? ಸಾಹೇಬ್ರು ಸರಿ ಮಾಡಿದಿ ಅಂದ್ರು. ಸರಿನೇ. ನಾನೂ ಸರಿ ಅಂತನೇ ಹೇಳ್ತೀನಿ."

ಹುಡುಗ ಕೂಡಲೇ ಸಾಯಲಿಲ್ಲ. ಮಾತು ತೊದಲಿ ತಿಳಿಯದಂತಾಗಿತ್ತು, ಹೆಬ್ಬೆರಳನ್ನು ಬಾಯಿಯ ಕಡೆ ಮಾಡಿ ತೋರಿಸಿದ. ಅಜ್ಜ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಅವನ ತಲೆಯನ್ನು ಎತ್ತಿ, ತಮ್ಮ ಬಾಟಲಿಯ ನೀರು ಬಿಟ್ಟರು. ಒಂದಿಷ್ಟು ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಹರಿಯಿತು. ಹುಡುಗ ಅವರ ಮುಂಗೈ ಹಿಡಿದುಕೊಂಡ. ಹಿಡಿದ ಹಾಗೇ ಹೋದ. ಕಣ್ಣು ಮುಚ್ಚಿದ್ದೂ ಅಜ್ಜನೇ. ಮರುದಿನ ಬದಲಿಯವರು ಬರುವ ತನಕ ಹೆಣದ ಪಕ್ಕ ಕೂತಿದ್ದರು. ಅವರು ಬಂದು ಅದನ್ನು ಕೆಳಗೆ ಒಯ್ದರು. ಎಲ್ಲಿ ಹೂತರೋ, ಅವನ ಕಡೆಯವರಿಗೆ ಕೊಟ್ಟರೋ, ಅಜ್ಜನಿಗೆ ತಿಳಿಯಲಿಲ್ಲ.

"ನಮ್ಮಪ್ಪ ಸಾಯುವಾಗ ಬಾಯಿಗೆ ನೀರು ಬಿಡಾಕ ನಾನು ಇರ್ಲಿಲ್ಲ," ಅಂದರು. "ತಮ್ಮ ಬಿಟ್ಟ. ನಾ ನೀರು ಬಿಟ್ಟಿದ್ದು ಇವನೊಬ್ಬನಿಗೇ. ನೀರು ಬಿಟ್ಟವ ಮಗನಾದಂಗೆ ಅಲ್ಲೇನು? ಹೆಣ ಕಾದೆ, ಕಣ್ಣು ಮುಚ್ಚಿದೆ. ಸೂತಕ ನಂದಾತು. ಅವನ ಕಾರ್ಯ ಯಾರು ಮಾಡ್ಯಾರ? ಕಾರ್ಯ ಆಗದೆ ಸೂತಕ ಹೆಂಗ ಕಳೀತೈತಿ? ಈ ಕೈಯಾಗ ಕೂಸನ್ನ ಮುಟ್ಟಬಾರ್ದು."

ಆಗ ನನಗೆ ನಿಜ ತಿಳಿಯಿತು. ಹೆಣ್ಣು ಅಂತಲ್ಲ. ನನ್ನ ಎದೆಯ ಮೇಲಿನ ಒಂದು ಭಾರ ಇಳಿದು ಅದಕ್ಕಿಂತ ದೊಡ್ಡದು ಬಂದು ಕೂತಿತು. "ರೀ, ಸೋಮವಾರ ಹತ್ರ ಬಂತಲ್ರೀ" ಅಂದೆ. ಅಷ್ಟೇ.

"ಗೊತ್ತೈತಿ," ಅಂದರು.

ಮರುದಿನ ಹಟ್ಟಿಯಲ್ಲಿ ಕುರಿ ಹಿಕ್ಕೆ ಗುಡಿಸುವಾಗ ಅತ್ತೆಗೆ ನಾನೇ ಎಲ್ಲವನ್ನೂ ಹೇಳಿದೆ. ಆ ಮನೆಗೆ ಬಂದಮೇಲೆ ಅವರ ಮುಂದೆ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅತ್ತೆ ಪೊರಕೆ ನಿಲ್ಲಿಸಲಿಲ್ಲ.

"ಅಂವ ನಮ್ಮ ಹುಡುಗ್ರನ್ನ ಕೊಲ್ಲಾಕ ಬಂದವ. ಅವನಿಗೇನು ಸೂತಕ? ಹುಚ್ಚು ಹಿಡದೈತಿ ಇವಂಗೆ."

ಹಾಗಂದವರು ಪೊರಕೆ ಹಿಡಿದುಕೊಂಡೇ ಚಪ್ಪರಕ್ಕೆ ಹೋದರು. ಅಜ್ಜ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು.

"ನೀರು ಬಿಟ್ಯಂತೆ?"

"ಬಿಟ್ಟೆ."

"ಅಂವ ಕೇಳಿದ್ನೋ, ನೀನಾಗೇ ಬಿಟ್ಯೋ?"

"ಕೇಳ್ದ."

ಅತ್ತೆ ಪೊರಕೆಯನ್ನು ಕೆಳಗೆ ಹಾಕಿ ಅಲ್ಲೇ ಕಲ್ಲಿನ ಮೇಲೆ ಕುಳಿತರು. "ಕೇಳಿದ ಮ್ಯಾಲೆ ಬಿಡದೆ ಏನ್ ಮಾಡ್ತಿದ್ದಿ," ಅಂದರು. ಆಮೇಲೆ ಯಾರಿಗೂ ಅಲ್ಲ ಅನ್ನುವ ಹಾಗೆ, "ತಾಯಿ ಅದಾಳೋ ಏನೋ ಅವನಿಗೆ. ಬರ್ತಾನೆ ಅಂತ ಕಾಯ್ತಿರ್ತಾಳೆ."

ಸೂತಕ ಹಿಡಿದ ಮೇಲೆ ಕಳೆಯಬೇಕು ಅಂತ ಅವರೇ ತೀರ್ಮಾನಿಸಿದರು. ಸತ್ತವರ ಸಮಾಧಿಯ ಮೇಲೆ ಹಾಲು-ತುಪ್ಪ ಬಿಟ್ಟು, ಎಡೆ ಇಟ್ಟು, ಕಾಗೆ ಮುಟ್ಟಿದರೆ ಕಾರ್ಯ ಆದಂತೆ. ಸಮಾಧಿ ಇಲ್ಲದಿದ್ದರೆ ಮಣ್ಣಿನ ಗುಡ್ಡೆ ಮಾಡೋಣ ಅಂದರು. ಮೈದುನ ಒಪ್ಪಲಿಲ್ಲ.

"ಊರಾಗ ಗೊತ್ತಾದ್ರೆ ನನ್ ಮುಖಕ್ಕೆ ಉಗಿತಾರೆ ಅವ್ವ. ದುಷ್ಮನ್‌ಗೆ ಹಾಲು-ತುಪ್ಪ ಬಿಟ್ರಂತೆ ಅಂತ."

"ಉಗಿದ್ರೆ ಒರೆಸ್ಕೊ. ಹೆಗಲ ಮ್ಯಾಲೆ ಟವಲ್ ಇಟ್ಕಂಡಿರೋದು ಯಾಕೆ?"

ಅಜ್ಜ ತಲೆ ಬೋಳಿಸಿಕೊಳ್ಳುತ್ತೇನೆ ಅಂದರು. ಅದಕ್ಕೆ ಅತ್ತೆ ಬಿಡಲಿಲ್ಲ. "ನಾ ಇನ್ನೂ ಬದುಕೀನಿ. ಊರವರು ನಾನೇ ಸತ್ತೆ ಅಂತ ತಿಳೀತಾರೆ. ಮೀಸೆ ತೆಗಿ, ಸಾಕು." ಮೀಸೆ ಹೋಯಿತು. ಮೀಸೆ ಇಲ್ಲದ ಮುಖ ನನಗೆ ಗುರುತೇ ಸಿಗದಂತಿತ್ತು, ಮೇಲ್ದುಟಿ ಬೆಳ್ಳಗೆ ಕಾಣುತ್ತಿತ್ತು.

ಭಾನುವಾರ ಬೆಳಿಗ್ಗೆ ಕೆರೆಯ ಅಂಚಿನ ನಮ್ಮ ಹೊಲದ ಬದುವಿಗೆ ಹೋದೆವು. ಮೆಕ್ಕೆಜೋಳ ಎದೆಮಟ್ಟ ಬೆಳೆದಿದ್ದರಿಂದ ದಾರಿಯವರಿಗೆ ಕಾಣುತ್ತಿರಲಿಲ್ಲ. ಕೊನೆಗೆ ಮೈದುನನೂ ಬಂದ, ದೂರದಲ್ಲಿ ನಿಂತ. ಅಜ್ಜ ಕೈಯಿಂದ ಮಣ್ಣು ಎಳೆದು ಗುಡ್ಡೆ ಮಾಡಿದರು. ಕುರಿಯ ಹಾಲು, ಮನೆಯ ತುಪ್ಪ ಬಿಟ್ಟರು. ಅತ್ತೆ ಅನ್ನ, ಬೇಳೆ ಸಾರು, ಬೆಲ್ಲ ಎಡೆ ಇಟ್ಟರು. ಹೆಸರು ಹೇಳಿ ಕರೆಯಬೇಕು, ಹೆಸರು ಯಾರಿಗೂ ಗೊತ್ತಿರಲಿಲ್ಲ. "ಯಪ್ಪಾ, ಯಾವ ತಾಯಿ ಮಗನೋ, ಬಂದು ಉಣ್ಣು," ಅಂತ ಅತ್ತೆಯೇ ಕರೆದರು.

ಕಾಗೆ ಬರಲಿಲ್ಲ.

ಹಿಂದೆ ಸರಿದು ಕಾದೆವು. ಕೆರೆಯ ಮೇಲೆ ಕಾಗೆಗಳು ಹಾರುತ್ತಲೇ ಇದ್ದವು, ಈ ಕಡೆ ಮುಖ ಮಾಡಲಿಲ್ಲ. ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಅಂತ. ನಮ್ಮ ಮಾವನ ಕಾರ್ಯದಲ್ಲೂ ಹೀಗೇ ಆಗಿತ್ತು. ಸಣ್ಣ ಮಗನ ಮದುವೆ ಮಾಡ್ತೀವಿ ಅಂತ ಮಾತು ಕೊಟ್ಟ ಮೇಲೆ ಕಾಗೆ ಇಳಿದಿತ್ತು. ಈ ಹುಡುಗನಿಗೆ ಏನು ಮಾತು ಕೊಡುವುದು? ಬಿಸಿಲು ಏರಿತು, ಅನ್ನದ ಮೇಲೆ ಇರುವೆ ಹತ್ತಿತು.

"ಅವಂಗೆ ನಮ್ಮ ಅನ್ನ ಸೇರ್ಲಿಲ್ಲ ಕಾಣ್ತೈತಿ," ಅಂತ ಅತ್ತೆ ಎದ್ದರು. "ನಮ್ ಕೈಲಾದಷ್ಟು ಮಾಡಿದ್ವಿ. ಮುಗೀತು ಅನ್ಕೊ."

"ಕಳೀಲಿಲ್ಲ ಅವ್ವ," ಅಂದರು ಅಜ್ಜ.

ಸೋಮವಾರ ಬಂತು. ನನ್ನ ಅಪ್ಪ, ಅಮ್ಮ, ದೊಡ್ಡಪ್ಪನ ಮನೆಯವರು ಗಾಡಿ ಮಾಡಿಕೊಂಡು ಬಂದರು. ಈ ಕಡೆಯ ನೆಂಟರೂ, ನಲ್ಲಿಯ ಹತ್ತಿರ ಮಾತಾಡಿದ ಹೆಂಗಸರೂ ಬಂದಿದ್ದರು. ಅಪ್ಪ ಬಂದವರೇ ಅಜ್ಜನ ಮುಖ ನೋಡಿದರು.

"ಎಂತ ಅಳಿಯಂದ್ರೆ, ಮೀಸೆ ಎಲ್ಲಿ ಹೋತು?"

"ಮಿಲಿಟ್ರಿ ಆರ್ಡರ್ ಮಾವ," ಅಂದ ಮೈದುನ. "ಈ ವರ್ಷ ಎಲ್ಲರದೂ ತೆಗೆಸ್ಯಾರೆ." ಜನ ನಕ್ಕರು. ಅಪ್ಪನೂ ನಕ್ಕರು. ಸ್ವಲ್ಪ ಹೊತ್ತು ಎಲ್ಲ ಸರಿಹೋದ ಹಾಗೇ ಇತ್ತು.

ಹಾಸಿದ ಚಾಪೆಯ ಮೇಲೆ ಅಕ್ಕಿ ಹರಡಿ, ತೊಟ್ಟಿಲು ಕಟ್ಟಿ, ಅಜ್ಜನನ್ನು ಕರೆದರು. ಅಜ್ಜ ಚಾಪೆಯ ಅಂಚಿನವರೆಗೆ ಬಂದರು, ಅಲ್ಲೇ ನಿಂತರು. ಕೂರಲಿಲ್ಲ. ಗಂಡನ ಮನೆಯಿಂದ ಬಂದಿದ್ದ ಅಜ್ಜನ ತಂಗಿ, ಕೂಸಿನ ಸೋದರತ್ತೆ, "ಬಾರೋ ಅಣ್ಣ" ಅಂದಳು. ಮತ್ತೊಮ್ಮೆ ಕರೆದಳು. ಕೂಸು ನನ್ನ ಹೆಗಲ ಮೇಲೆ ತನ್ನ ಕೈಯ ಬಳೆ ಕಡಿಯುತ್ತಿತ್ತು.

ಅಪ್ಪ ಎದ್ದು ನಿಂತರು. "ಎಂತಕ್ಕೆ ಕೂರೂದಿಲ್ಲ? ಹೆಣ್ಣು ಅಂತಲಾ? ಬಾಯಿ ಬಿಟ್ಟು ಹೇಳಿ ಮಾರಾಯ್ರೆ, ಎಲ್ಲರೂ ಕೇಳಲಿ."

ಅಜ್ಜ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದ್ದರೆ ಆ ಹುಡುಗನ ವಿಷಯ ಊರ ಬಾಯಿಗೆ ಬೀಳುತ್ತಿತ್ತು. ಅವರು ಅಪ್ಪನ ಮುಖ ನೋಡಿದರು, ನೆಲ ನೋಡಿದರು. ಹೆಣ್ಣು ಅಂತ ಎತ್ತಿಕೊಳ್ಳಲಿಲ್ಲ ಅನ್ನುವ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಸುಮ್ಮನೆ ನಿಂತರು.

"ಆತು," ಅಂದರು ಅಪ್ಪ. ನನ್ನ ಕಡೆ ತಿರುಗಿ, "ಮಗಾ, ಬಟ್ಟೆ ಕಟ್ಕ. ಹೊರಡು."

ನನ್ನ ಅಮ್ಮ ಅಳತೊಡಗಿದರು. ನಾನು ಎದ್ದೆ. ಆಗ ಅತ್ತೆ ಜನರ ನಡುವಿಂದ ಬಂದರು.

ನಮ್ಮ ಹಟ್ಟಿಯಲ್ಲಿ ಕೆಲವು ಸಲ ಕುರಿ ತಾನು ಈದ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಆಗ ಒಬ್ಬರು ಕುರಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದು ನಿಲ್ಲಿಸುತ್ತಾರೆ, ಇನ್ನೊಬ್ಬರು ಮರಿಯನ್ನು ತಂದು ಅದರ ಹೊಟ್ಟೆಗೆ ಒತ್ತಿ ಬಿಡುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಹಿಡಿದಿರುತ್ತಾರೆ, ಅಷ್ಟೇ. ಅತ್ತೆ ಅದನ್ನೇ ಮಾಡಿದರು. ಹಿಂದಿನಿಂದ ಬಂದು ಮಗನ ಎರಡೂ ಭುಜದ ಮೇಲೆ ಕೈಯಿಟ್ಟು ಒತ್ತಿ ಚಾಪೆಯ ಮೇಲೆ ಕೂರಿಸಿದರು. ತಮ್ಮ ಮೊಣಕಾಲನ್ನು ಅವರ ಬೆನ್ನಿಗೆ ಕೊಟ್ಟು ನಿಂತರು.

"ಏ ಹುಡುಗಿ, ತಂದು ಹಾಕು," ಅಂದರು ನನಗೆ.

ನಾನು ಕೂಸನ್ನು ಅಜ್ಜನ ತೊಡೆಯ ಮೇಲೆ ಹಾಕಿದೆ. ಅವರು ಕೊಸರಲಿಲ್ಲ, ಹಿಡಿಯಲೂ ಇಲ್ಲ. ಎರಡೂ ಅಂಗೈಗಳನ್ನು ಅತ್ತ ಇತ್ತ ನೆಲಕ್ಕೆ ಊರಿಬಿಟ್ಟರು. ಉಗುರು ಚಾಪೆಯೊಳಗೆ ಹೋಗುವ ಹಾಗೆ ಊರಿದ್ದರು.

ಇಲ್ಲಿಯವರೆಗೆ ನಾನು ನಿಮ್ಮ ಅಮ್ಮನಿಗೆ ಬಾಯಲ್ಲೇ ಹೇಳಿದ್ದೇನೆ. ಅಜ್ಜ ಹೋದ ಮೇಲೆ, ಅವಳು ಇಲ್ಲೇ ಇದ್ದ ದಿನಗಳಲ್ಲಿ, ಮೆಕ್ಕೆಜೋಳ ಬಿಡಿಸುತ್ತಾ ಹೇಳಿದೆ. ಅವಳು ಚಿಕ್ಕವಳಿದ್ದಾಗಿಂದ ಊರವರ ಬಾಯಿಂದ ಕೇಳಿಕೊಂಡು ಬಂದದ್ದು ಒಂದೇ, ನಿಮ್ಮಪ್ಪ ನಿನ್ನನ್ನು ಹೆಣ್ಣು ಅಂತ ಎತ್ತಿಕೊಳ್ಳಲಿಲ್ಲ ಅಂತ. ಅಜ್ಜ ಸೈನ್ಯ ಬಿಟ್ಟು ಬಂದ ಮೇಲೆ ಅವಳನ್ನು ಶಾಲೆಗೆ ನಡೆಸಿಕೊಂಡು ಹೋಗುತ್ತಿದ್ದರು, ಓದಿಸಿದರು, ಮದುವೆ ಮಾಡಿದರು. ಕೈ ಹಿಡಿದದ್ದು, ಎತ್ತಿಕೊಂಡದ್ದು ಅವಳಿಗೆ ನೆನಪಿಲ್ಲ, ಯಾಕಂದರೆ ಅದು ನಡೆಯಲೇ ಇಲ್ಲ. ನಾನು ಹೇಳುತ್ತಾ ಚಾಪೆಯ ಮೇಲೆ ಕೈ ಊರಿದರು ಅನ್ನುವಲ್ಲಿಗೆ ಬಂದಾಗ ಅವಳು ತೆನೆಯನ್ನು ಬುಟ್ಟಿಗೆ ಎಸೆದಳು.

"ಅಷ್ಟು ಜನರ ಮುಂದೆಯೂ ಮುಟ್ಟಲಿಲ್ಲ ಅಲ್ವಾ ಅವ್ವ? ಸತ್ತ ಆ ಹುಡುಗನಿಗೆ ನೀರು ಕುಡಿಸಿದ ಕೈ ನನಗ್ಯಾಕೆ ಬರಲಿಲ್ಲ? ಬೇಡ, ನನಗೆ ಹೇಳಬೇಡ."

ಎದ್ದು ಹೋದಳು. ಅವಳ ಸಿಟ್ಟು ತಪ್ಪಲ್ಲ. ಅಜ್ಜ ಹೊತ್ತುಕೊಂಡದ್ದರಲ್ಲಿ ಅರ್ಧ ಅವಳ ತಲೆಯ ಮೇಲೂ ಬಿತ್ತು, ಕೇಳದೆಯೇ ಬಿತ್ತು. ಅದಾದ ಮೇಲೆ ನಾನು ಮತ್ತೆ ಬಾಯಿ ತೆರೆಯಲು ಹೋದಾಗಲೆಲ್ಲ ಬೇರೆ ಮಾತು ತೆಗೆಯುತ್ತಾಳೆ. ಅವಳು ಕೇಳದೆ ಹೋದದ್ದನ್ನು ಬರೆಯುತ್ತೇನೆ.

ಕೂಸು ತೊಡೆಯ ಮೇಲೆ ಕೂತು ಅಜ್ಜನ ಅಂಗಿಯ ಗುಂಡಿಗೆ ಕೈ ಹಾಕಿತು. ಅಜ್ಜ ನೆಟ್ಟಗೆ ಎದುರು ಗೋಡೆ ನೋಡುತ್ತಿದ್ದರು. ಅತ್ತೆ ಭುಜ ಬಿಡಲಿಲ್ಲ. ಸೋದರತ್ತೆ ಹೆಸರು ಹೇಳಲು ಬಗ್ಗಿದವಳು ಅತ್ತೆಯ ಮುಖ ನೋಡಿ ತಡೆದಳು. ಗುಂಡಿ ಸಿಗದೆ ಕೂಸು ಕೊಸರಿ 'ಹೂಂ' ಅಂತ ಸದ್ದು ಮಾಡಿತು, ತಲೆಯನ್ನು ಅಜ್ಜನ ಎದೆಗೆ ಗುದ್ದಿತು. ಆಗ ಅಜ್ಜ ನಿಧಾನಕ್ಕೆ ಕತ್ತು ಬಗ್ಗಿಸಿದರು. ಕೈ ನೆಲದಿಂದ ಏಳಲಿಲ್ಲ. ಮೂಗನ್ನು ಕೂಸಿನ ನೆತ್ತಿಯ ಹತ್ತಿರ ತಂದು ಉಸಿರು ಎಳೆದರು. ಒಂದು ಸಲ, ಆಮೇಲೆ ಇನ್ನೊಂದು ಸಲ, ಉದ್ದಕ್ಕೆ. ಅವರ ಬೆನ್ನು ಅಲುಗಿದ್ದು ನನಗೆ ಕಂಡಿತು. ಅಳುತ್ತಿದ್ದರೋ ಏನೋ, ಮುಖ ಕೂಸಿನ ಕೂದಲಲ್ಲಿತ್ತು.

ಕುರಿ ಮರಿಯನ್ನು ಮೂಸಿದರೆ ಮುಗಿಯಿತು. ಆಮೇಲೆ ಅದನ್ನು ಬಿಟ್ಟುಹಾಕುವುದಿಲ್ಲ. ಕುರಿ ಸಾಕುವವರಿಗೆಲ್ಲ ಅದು ಗೊತ್ತು. ಅತ್ತೆ ಕೈ ಸಡಿಲಿಸಿ ಹಿಂದೆ ಸರಿದರು.

"ಮೂಸಿದ," ಅಂದರು, ನನ್ನ ಅಪ್ಪನಿಗೆ ಕೇಳುವ ಹಾಗೆ. "ಇನ್ನೇನೂ ಕೇಳಬ್ಯಾಡ್ರಿ ಬೀಗ್ರೆ. ಹೆಸರು ಹೇಳೇ ನೀನು."

ಸೋದರತ್ತೆ ಹೆಸರು ಹೇಳಿದಳು. ಅಪ್ಪ ಕೂತರು, ಗಾಡಿ ಸಂಜೆ ನನ್ನನ್ನೂ ಕೂಸನ್ನೂ ಇಲ್ಲೇ ಬಿಟ್ಟು ಹೋಯಿತು. ಅಜ್ಜನ ರಜೆ ಮುಗಿದು ಅವರೂ ಹೋದರು. ಹೊರಡುವ ಬೆಳಿಗ್ಗೆ ಕೂಸನ್ನು ಎತ್ತಿಕೊಳ್ಳುತ್ತಾರೇನೋ ಅಂತ ನಾನು ಹೊಸಿಲಲ್ಲಿ ನಿಂತಿದ್ದೆ. ಎತ್ತಿಕೊಳ್ಳಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ನೆತ್ತಿ ಮೂಸಿ, ಬಸ್ಸಿಗೆ ನಡೆದರು. ಬದುಕಿರುವ ತನಕ ಅಷ್ಟೇ ಮಾಡಿದರು. ಅವಳು ಮಲಗಿದ ಮೇಲೆ ಮಾಡುತ್ತಿದ್ದರು. ಅದಕ್ಕೇ ಅವಳಿಗೆ ಗೊತ್ತಿಲ್ಲ.

ನಿಮ್ಮ ಅಮ್ಮನಿಗೆ ಇದನ್ನು ಒತ್ತಾಯ ಮಾಡಿ ಓದಿಸಬೇಡಿ. ಎದ್ದು ಹೋಗುತ್ತಾಳೆ. ಅವಳಾಗಿಯೇ ಒಂದು ದಿನ ಕೇಳಬಹುದು, ಅವತ್ತು ಆಮೇಲೆ ಏನಾಯಿತಂತೆ ಅಂತ. ಆಗ ನಾನು ಇರುತ್ತೇನೋ ಇಲ್ಲವೋ. ಅಲ್ಲಿಯವರೆಗೆ ಈ ಹಾಳೆಗಳು ನೆನೆಯದಂತೆ, ಇಲಿ ಕಡಿಯದಂತೆ, ನಿಮ್ಮಿಬ್ಬರ ಹತ್ತಿರವೇ ಜೋಪಾನವಾಗಿ ಇರಲಿ.